ಹದಿನೈದು ವರ್ಷದ ಲೆಕ್ಕ

2024ರ ಜುಲೈ ತಿಂಗಳ ನಡುವೆ ಕರ್ನಾಟಕದ ಸಚಿವ ಸಂಪುಟ ಒಂದು ಮಸೂದೆಗೆ ಒಪ್ಪಿಗೆ ಕೊಟ್ಟಿತ್ತು. ಖಾಸಗಿ ಕಾರ್ಖಾನೆ, ಕಂಪನಿಗಳಲ್ಲಿ ಆಡಳಿತ ವರ್ಗದ ಹುದ್ದೆಗಳ ಶೇಕಡಾ 50ರಷ್ಟನ್ನು, ಉಳಿದವುಗಳ ಶೇಕಡಾ 70ರಷ್ಟನ್ನು ಸ್ಥಳೀಯರಿಗೇ ಕೊಡಬೇಕೆಂಬುದು ಅದರ ತಿರುಳು. ಸ್ಥಳೀಯರು ಯಾರು ಎಂಬುದನ್ನೂ ಅದರಲ್ಲಿ ಬರೆದಿದ್ದರು. ಈ ರಾಜ್ಯದಲ್ಲಿ ಹುಟ್ಟಿರಬೇಕು, ಇಲ್ಲಿ 15 ವರ್ಷ ನೆಲೆಸಿರಬೇಕು, ಕನ್ನಡವನ್ನು ಆಡಲು, ಓದಲು, ಬರೆಯಲು ಬರಬೇಕು. ಬೆಂಗಳೂರಿನ ಉದ್ಯಮಿಗಳು ಗದ್ದಲ ಎಬ್ಬಿಸಿದರು, ಎರಡು ಮೂರು ದಿನಗಳಲ್ಲಿ ಸರ್ಕಾರ ಮಸೂದೆಯನ್ನು ತಡೆಹಿಡಿಯಿತು, ಪತ್ರಿಕೆಗಳು ಬೇರೆ ಸುದ್ದಿಗೆ ಹೊರಳಿದವು. ಅದು ಇಂದಲ್ಲ ನಾಳೆ ಬೇರೊಂದು ರೂಪದಲ್ಲಿ ಮರಳಿ ಬಂದೇ ಬರುತ್ತದೆ ಎಂಬುದು ನನ್ನ ಅಂದಾಜು. ಐಟಿ ಕಂಪನಿಗಳ ಕಡೆಯಿಂದ ಈ ವಿಷಯವನ್ನು ನೋಡಿ ಬರೆದವರು ಬಹಳ ಮಂದಿ ಇದ್ದಾರೆ. ನಾನು ಹುಬ್ಬಳ್ಳಿಯ ಕಟ್ಟಡ ಕೆಲಸದ ಕಡೆಯಿಂದ, ಗೋವಾಕ್ಕೆ ದುಡಿಯಲು ಹೋದ ನಮ್ಮ ಗದಗ ಜಿಲ್ಲೆಯ ಮಂದಿಯ ಕಡೆಯಿಂದ ನೋಡಿದ್ದೇನೆ. ಅಲ್ಲಿಂದ ನೋಡಿದರೆ ಇದು ಬೇರೆಯೇ ಆಗಿ ಕಾಣುತ್ತದೆ.

ನಾನು ಕಟ್ಟಡ ಗುತ್ತಿಗೆದಾರರೊಬ್ಬರ ಹತ್ತಿರ ಲೆಕ್ಕ ಬರೆಯುವವನು. ಶನಿವಾರ ಸಂಜೆ ಬಟವಡೆ ಮಾಡುವುದು, ಸಿಮೆಂಟು ಕಬ್ಬಿಣದ ಬಿಲ್ಲು ನೋಡುವುದು, ಕಾರ್ಮಿಕ ಇಲಾಖೆಗೆ ಕೊಡಬೇಕಾದ ಕಾಗದಗಳನ್ನು ತುಂಬುವುದು ನನ್ನ ಪಾಲಿನ ಕೆಲಸ. ನವನಗರದ ಕಡೆ ಏಳುತ್ತಿರುವ ಒಂದು ಅಪಾರ್ಟ್‌ಮೆಂಟಿನ ಹಾಜರಿ ಪುಸ್ತಕವನ್ನು ತೆರೆದರೆ, ಪಾಯ ತೆಗೆಯುವ ಮತ್ತು ಮಣ್ಣು ಹೊರುವ ಪುಟದಲ್ಲಿ ಕುಂದಗೋಳ, ಕಲಘಟಗಿ ಕಡೆಯ ಹೆಸರುಗಳಿವೆ. ಸೆಂಟ್ರಿಂಗ್ ಮತ್ತು ಕಬ್ಬಿಣ ಕಟ್ಟುವ ಪುಟದಲ್ಲಿ ಒಡಿಶಾ, ಬಂಗಾಳದವರು. ಗಿಲಾವಿನ ಪುಟದಲ್ಲಿ ಬಿಹಾರದವರು. ಟೈಲ್ಸ್ ಮತ್ತು ಗ್ರಾನೈಟಿನ ಪುಟದಲ್ಲಿ ರಾಜಸ್ಥಾನದವರು. ಹೆಚ್ಚು ಪಗಾರದ ಪುಟಗಳಿಗೆ ಹೋದಷ್ಟೂ ಊರು ದೂರವಾಗುತ್ತ ಹೋಗುತ್ತದೆ. ಇದನ್ನು ನೋಡಿದ ಯಾರಿಗಾದರೂ, ನಮ್ಮ ಮಂದಿಯ ಕೆಲಸವನ್ನು ಹೊರಗಿನವರು ಕಿತ್ತುಕೊಂಡರು ಎಂದೇ ಅನಿಸುತ್ತದೆ. ಆ ಮಸೂದೆಯ ಸುದ್ದಿ ಬಂದ ದಿನ ನಮ್ಮ ಕಚೇರಿಯಲ್ಲೂ ಹಾಗೆಯೇ ಮಾತಾಯಿತು.

ಆದರೆ ನಮ್ಮ ಮಂದಿ ಎಲ್ಲಿದ್ದಾರೆ? ನನ್ನ ಊರು ಮುಂಡರಗಿ ತಾಲೂಕಿನದು. ನಮ್ಮ ಕಾಕಾನ ಮಗ ಒಳ್ಳೆಯ ಗೌಂಡಿ. ಅವನ ಕೈಯಲ್ಲಿ ಎದ್ದ ಗೋಡೆಗೆ ಓಳಂಬ ಇಟ್ಟು ನೋಡುವ ಅಗತ್ಯವೇ ಬೀಳುವುದಿಲ್ಲ. ಅವನು ದುಡಿಯುವುದು ಗೋವಾದ ವಾಸ್ಕೋದಲ್ಲಿ. ಅವನೊಬ್ಬನೇ ಅಲ್ಲ. ಹಿಂಗಾರಿಯಲ್ಲಿ ಕಡಲೆ, ಬಿಳಿಜೋಳ ಬಿತ್ತಿ ಮುಗಿಸಿದ ಮೇಲೆ ಮುಂಡರಗಿ, ಶಿರಹಟ್ಟಿ, ರೋಣ ಕಡೆಯ ಊರುಗಳಿಂದ, ಅದರಲ್ಲೂ ಲಂಬಾಣಿ ತಾಂಡಾಗಳಿಂದ, ಮನೆ ಮನೆಯೇ ಗುಳೆ ಎದ್ದು ಹೋಗುವುದು ನಮ್ಮ ಕಡೆ ಯಾರಿಗೂ ಹೊಸ ಸಂಗತಿಯಲ್ಲ. ಗೋವಾ, ಮಂಗಳೂರು, ಉಡುಪಿ, ಬೆಂಗಳೂರು, ಕಬ್ಬು ಕಡಿಯಲು ಮಹಾರಾಷ್ಟ್ರ, ಹೀಗೆ ಒಂದೊಂದು ಊರಿಗೆ ಒಂದೊಂದು ದಾರಿ ಬಿದ್ದಿರುತ್ತದೆ. ವರ್ಷಕ್ಕೆ ಆರುನೂರು ಮಿಲಿಮೀಟರಿನ ಆಸುಪಾಸು ಮಳೆ ಬೀಳುವ, ಅದೂ ಬಂದರೆ ಬಂತು ಇಲ್ಲವಾದರೆ ಇಲ್ಲ ಎನ್ನುವ ಎರಿ ಹೊಲದಲ್ಲಿ ವರ್ಷವಿಡೀ ನಾಲ್ಕು ಜನರಿಗೆ ಕೆಲಸವಿರುವುದಿಲ್ಲ. ಉದ್ಯೋಗ ಖಾತ್ರಿಯಲ್ಲಿ 2025-26ಕ್ಕೆ ಗೊತ್ತಾದ ದಿನಗೂಲಿ 370 ರೂಪಾಯಿ. ಗೋವಾದಲ್ಲಿ ಗೌಂಡಿಯೊಬ್ಬನಿಗೆ ಇದರ ದುಪ್ಪಟ್ಟಿಗಿಂತ ಹೆಚ್ಚು ಸಿಗುತ್ತದೆ.

ಹುಬ್ಬಳ್ಳಿಯಲ್ಲೂ ಗೌಂಡಿಗೆ ಅದಕ್ಕಿಂತ ಬಹಳ ಕಡಿಮೆಯೇನಿಲ್ಲ. ಹಾಗಿದ್ದ ಮೇಲೆ ಮುಂಡರಗಿಯ ಗೌಂಡಿ ಎರಡು ಮೂರು ತಾಸಿನ ದಾರಿಯ ಹುಬ್ಬಳ್ಳಿಯನ್ನು ದಾಟಿ, ಲೋಂಡಾ, ಕ್ಯಾಸಲ್‌ರಾಕ್ ಮೇಲಿಂದ ಘಟ್ಟ ಇಳಿದು ವಾಸ್ಕೋಕ್ಕೆ ಹೋಗುವುದೇಕೆ, ಬಿಹಾರದ ಗೌಂಡಿ ಎರಡು ದಿನ ರೈಲಿನಲ್ಲಿ ಕುಳಿತು ಹುಬ್ಬಳ್ಳಿಗೆ ಬರುವುದೇಕೆ? ಈ ಪ್ರಶ್ನೆಯನ್ನು ಒಮ್ಮೆ ಕಾಕಾನ ಮಗನ ಮುಂದೆಯೇ ಇಟ್ಟಿದ್ದೆ. ಅವನು ನಕ್ಕು ಹೇಳಿದ್ದು ಇಷ್ಟು: “ಅಲ್ಲೆ ನಾವು ಊರ ಮಂದಿ ಅಲ್ಲಲ್ಲಣ್ಣಾ, ಅದಕ್ಕ ಹೇಳಿದಷ್ಟು ದುಡೀತೇವಿ. ಹುಬ್ಬಳ್ಳ್ಯಾಗ ಇದ್ರ ಪಂಚಮಿ ಬಂತು ಅಂತೇವಿ, ಅಮಾಸಿ ಬಂತು ಅಂತೇವಿ, ಯಾರರ ಸತ್ರ ಮಣ್ಣಿಗೆ ಹೋಗಬೇಕು ಅಂತೇವಿ. ಯಾವ ಮಾಲಕ ಇಟಗೊಂತಾನ?”

ಅವನ ಮಾತು ಎಷ್ಟು ಸರಿ ಎಂಬುದಕ್ಕೆ ನಾನೇ ಸಾಕ್ಷಿ. ನಮ್ಮ ಒಂದು ಸೈಟಿನಲ್ಲಿ ನಾಗರಪಂಚಮಿಯ ಹಿಂದಿನ ದಿನ ಸ್ಲ್ಯಾಬು ಹಾಕಬೇಕೆಂದು ಗೊತ್ತು ಮಾಡಿದ್ದರು. ಕಾಂಕ್ರೀಟು ಕಲಸುವ ಮಿಲ್ಲರಿನ ಬಾಡಿಗೆ ಕೊಟ್ಟಾಗಿತ್ತು, ಜಲ್ಲಿ, ಉಸುಕು ಬಂದು ಬಿದ್ದಿತ್ತು. ನಮ್ಮ ಕಡೆ ಪಂಚಮಿ ಎಂದರೆ ಸಣ್ಣ ಹಬ್ಬವಲ್ಲ. ಹೆಣ್ಣುಮಕ್ಕಳು ತವರಿಗೆ ಬರುವ ಹಬ್ಬ, ಉಂಡಿ ಕಟ್ಟುವ ಹಬ್ಬ, ಜೋಕಾಲಿಯ ಹಬ್ಬ. ಕುಂದಗೋಳದ ಗುಂಪಿನಲ್ಲಿ ಅರ್ಧಕ್ಕರ್ಧ ಜನ ಬರಲಿಲ್ಲ. ಬಿಹಾರದ ಗುಂಪು ಬೆಳಗಿನಿಂದ ರಾತ್ರಿಯವರೆಗೆ ನಿಂತು ಸ್ಲ್ಯಾಬು ಮುಗಿಸಿಕೊಟ್ಟಿತು. ಮುಂದಿನ ಕೆಲಸಕ್ಕೆ ಮಾಲಕರು ಯಾರನ್ನು ಕರೆದರು ಎಂದು ಬೇರೆ ಹೇಳಬೇಕಾಗಿಲ್ಲ. ಬಿಹಾರದವರಿಗೆ ಹಬ್ಬವಿಲ್ಲವೆಂದಲ್ಲ, ಛಟ್ ಪೂಜೆಗೆ ಅವರೂ ಊರಿಗೆ ಹೋಗುತ್ತಾರೆ; ಆದರೆ ಅದು ವರ್ಷಕ್ಕೊಮ್ಮೆ, ಮೊದಲೇ ಗೊತ್ತಿರುವ ರಜೆ. ಉಳಿದ ದಿನಗಳಲ್ಲಿ ಅವರು ಸೈಟಿನಲ್ಲಿಯೇ, ತಗಡಿನ ಶೆಡ್ಡಿನಲ್ಲಿ ಇರುತ್ತಾರೆ. ರಾತ್ರಿ ಗೋಡೆಗೆ ನೀರು ಹೊಡೆಯಲು, ಸಿಮೆಂಟು ಚೀಲ ಕಾಯಲು ಬೇರೆ ಆಳು ಬೇಕಾಗುವುದಿಲ್ಲ. ಸಂಜೆ ಆರರ ಬಸ್ಸಿಗೆ ಓಡುವ ಕುಂದಗೋಳದವನಿಂದ ಇದಾವುದೂ ಆಗುವುದಿಲ್ಲ. ನಮ್ಮವರು ಮೈಗಳ್ಳರು ಎಂದು ಹುಬ್ಬಳ್ಳಿಯಲ್ಲಿ ಹೇಳುವ ಮಾಲಕರನ್ನು ಕಂಡಿದ್ದೇನೆ. ಅದೇ ಗದಗಿನವರನ್ನು ಗೋವಾದ ಬಿಲ್ಡರುಗಳು ದುಡಿಮೆಗಾರರೆಂದು ಹುಡುಕಿಕೊಂಡು ಕರೆದೊಯ್ಯುತ್ತಾರೆ. ಮೈಗಳ್ಳತನ ಘಟ್ಟ ಇಳಿದ ಕೂಡಲೇ ಮಾಯವಾಗುವಂಥದ್ದೇನಲ್ಲ. ಮಾಲಕನಿಗೆ ಬೇಕಾದದ್ದು ಕೌಶಲವುಳ್ಳ, ಆದರೆ ಆ ಊರಿನಲ್ಲಿ ಬಂಧು ಬಳಗ, ಹೊಲ ಮನೆ, ಜಾತ್ರೆ, ಪಂಚಾಯಿತಿ ಯಾವುದೂ ಇಲ್ಲದ ಮನುಷ್ಯ. ಅಂಥವನು ಜಗಳ ತೆಗೆಯುವುದಿಲ್ಲ. ಬಟವಡೆ ಒಂದು ವಾರ ತಡವಾದರೆ ಉದ್ದರಿಯಲ್ಲಿ ಅಕ್ಕಿ ತಂದು ಉಣ್ಣುತ್ತಾನೆಯೇ ಹೊರತು ಊರಿನ ಹಿರಿಯರನ್ನು ಕರೆತಂದು ಕೂರಿಸುವುದಿಲ್ಲ.

ಇಲ್ಲಿಗೆ 15 ವರ್ಷದ ನಿಯಮವನ್ನು ತಂದು ಕೂಡಿಸಿ ನೋಡಬೇಕು. ಹೊರಗಿನಿಂದ ಬರುವವರನ್ನು ಅದು ತಡೆಯುತ್ತದೆ ಎಂದು ಬೇಡುವವರೂ ನಂಬಿದ್ದಾರೆ, ವಿರೋಧಿಸುವವರೂ ನಂಬಿದ್ದಾರೆ. ನನ್ನ ತಿಳುವಳಿಕೆಯಲ್ಲಿ ಅದು ಯಾರನ್ನೂ ತಡೆಯುವುದಿಲ್ಲ. ಬರುವವರು ಬಂದೇ ಬರುತ್ತಾರೆ, ಏಕೆಂದರೆ ಅವರನ್ನು ಕರೆಯುವವರು ಇಲ್ಲಿಯ ಮಾಲಕರೇ. ಬಂದವರಿಗೆ ಇಲ್ಲಿ ಯಾವ ಹಕ್ಕೂ ಹುಟ್ಟದಂತೆ ನೋಡಿಕೊಳ್ಳುವುದಷ್ಟೇ ಆ ನಿಯಮದಿಂದ ಆಗುವ ಕೆಲಸ. ಹಕ್ಕಿಲ್ಲದ ಕೂಲಿಕಾರನೇ ಮಾಲಕನಿಗೆ ಹೆಚ್ಚು ಬೇಕಾದವನಾದ್ದರಿಂದ, ಸ್ಥಳೀಯನನ್ನು ಕಾಯಲೆಂದು ಮಾಡಿದ ನಿಯಮ ಅವನ ಎದುರಾಳಿಯನ್ನೇ ಅಗ್ಗ ಮಾಡಿ ಕೊಡುತ್ತದೆ. ಇದು ನಡೆಯುವ ಬಗೆಯನ್ನು ನೋಡಲು ಗೋವಾಕ್ಕಿಂತ ಹತ್ತಿರದ ಊರು ನಮಗೆ ಬೇರೆ ಇಲ್ಲ.

1961ರಲ್ಲಿ ಪೋರ್ಚುಗೀಸರ ಆಡಳಿತ ಮುಗಿದ ಮೇಲೆ ಗೋವಾದಲ್ಲಿ ರಸ್ತೆ, ಬಂದರು, ಗಣಿ, ಆಮೇಲೆ ಹೋಟೆಲು ಎಂದು ಒಂದರ ಹಿಂದೆ ಒಂದು ಕೆಲಸ ಹುಟ್ಟಿತು. ಮುರ್ಗಾಂವ ಬಂದರಿನಲ್ಲಿ ಅದಿರು ಹೊರಲು, ವಾಸ್ಕೋದಲ್ಲಿ ಮನೆ ಕಟ್ಟಲು ಅವಿಭಜಿತ ಧಾರವಾಡ, ವಿಜಯಪುರ ಜಿಲ್ಲೆಗಳ ಜನ ಹೋದರು. ಅವರು ನೆಲೆಸಿದ ಬೈನಾ, ಜುವಾರಿನಗರ, ಮಡಗಾಂವದ ಮೋತಿ ಡೊಂಗರ ಎಂಬ ಹೆಸರುಗಳು ನಮ್ಮ ಹಳ್ಳಿಯ ಮುದುಕಿಯರ ಬಾಯಲ್ಲೂ ಬರುತ್ತವೆ. 2011ರ ಜನಗಣತಿಯಲ್ಲಿ ಗೋವಾದ ನೂರು ಜನರಲ್ಲಿ ನಾಲ್ಕೈದು ಮಂದಿ ಕನ್ನಡವನ್ನು ತಾಯ್ನುಡಿಯಾಗಿ ಬರೆಸಿದ್ದರು. ಹಂಗಾಮಿಗೆ ಹೋಗಿ ಬರುವವರು ಆ ಲೆಕ್ಕಕ್ಕೆ ಸಿಕ್ಕಿರಲಾರರು. ಇಷ್ಟಾದರೂ ಬೈನಾ ಕಡಲ ದಂಡೆಯ ಗುಡಿಸಲುಗಳನ್ನು 2004ರ ಮಳೆಗಾಲದಲ್ಲಿ ಕೆಡವಿದರು, 2015ರಲ್ಲಿ ಅದೇ ದಂಡೆಯ ಮೇಲೆ ಮತ್ತೆ ಮನೆಗಳನ್ನು ಕೆಡವಿದರು. 2004ರದ್ದು ಸೂಳೆಗೇರಿಯನ್ನು ತೆರವು ಮಾಡುವ ಹೆಸರಿನಲ್ಲಿ, ನ್ಯಾಯಾಲಯದ ಆದೇಶದ ಮೇಲೆ ನಡೆದದ್ದು. ಅದರ ಜೊತೆಗೆ ಆ ದಂಧೆಗೆ ಸಂಬಂಧವೇ ಇರದ ಕೂಲಿಕಾರರ ಸೂರೂ ಹೋಯಿತು. ಕರ್ನಾಟಕ, ಗೋವಾ ನಡುವೆ ಮಹದಾಯಿ ನದಿ ನೀರಿನ ಜಗಳ ಎದ್ದಾಗಲೆಲ್ಲ ನರಗುಂದ, ನವಲಗುಂದದಲ್ಲಿ ರಸ್ತೆ ಬಂದ್ ಆಗುತ್ತದೆ, ವಾಸ್ಕೋದಲ್ಲಿ ನಮ್ಮವರಿಗೆ ಎದೆ ಹೊಡೆದುಕೊಳ್ಳುತ್ತದೆ. 2018ರಲ್ಲಿ ನ್ಯಾಯಮಂಡಳಿ ಕರ್ನಾಟಕಕ್ಕೆ 13.42 ಟಿಎಂಸಿ ನೀರು ಕೊಡಬೇಕೆಂದು ತೀರ್ಪು ಕೊಟ್ಟಿದೆ. ಅದರಲ್ಲಿ ಮಲಪ್ರಭೆಯ ಪಾಲಿನ ನೀರು ಬಂದಿದ್ದರೆ ನರಗುಂದ, ರೋಣ ಕಡೆಯ ಎಷ್ಟು ಮನೆಗಳು ಗೋವಾದ ದಾರಿ ಹಿಡಿಯುತ್ತಿರಲಿಲ್ಲ ಎಂದು ಎರಡೂ ರಾಜ್ಯಗಳ ವಕೀಲರಲ್ಲಿ ಯಾರಾದರೂ ವಾದಿಸಿದ್ದಾರೆಯೇ ಎಂದು ನನಗೆ ಆಗಾಗ ಅನಿಸುವುದುಂಟು.

ಗೋವಾದಲ್ಲಿ ಸರ್ಕಾರಿ ನೌಕರಿಗೆ ಅರ್ಜಿ ಹಾಕಲು 15 ವರ್ಷದ ವಾಸದ ಪ್ರಮಾಣಪತ್ರ ಬೇಕು. ಅದನ್ನು ಕೊಡುವುದು ಮಾಮಲೇದಾರರ, ಎಂದರೆ ನಮ್ಮಲ್ಲಿಯ ತಹಶೀಲ್ದಾರರಂಥವರ, ಕಚೇರಿ. ಕಾಕಾನ ಮಗ ಸರ್ಕಾರಿ ನೌಕರಿ ಕೇಳುವವನಲ್ಲ, ಆದರೆ ಅವನ ಮಗಳು ಅಲ್ಲಿಯೇ ಹುಟ್ಟಿ, ಅಲ್ಲಿಯೇ ಓದಿ, ಕೊಂಕಣಿಯನ್ನು ಮನೆಮಾತಿನಷ್ಟೇ ಸಲೀಸಾಗಿ ಆಡುವವಳು, ಅವಳಿಗೆ ಬೇಕಾಗಿತ್ತು. ಹದಿನೈದು ವರ್ಷ ಇದ್ದದ್ದಕ್ಕೆ ಪುರಾವೆ ಏನು ಕೊಡಬೇಕು? ಬಾಡಿಗೆ ಕರಾರು ಎಂದರೆ ಮನೆಯ ಒಡೆಯ ಎಂದೂ ಬರೆದು ಕೊಟ್ಟವನಲ್ಲ, ಬರೆದು ಕೊಟ್ಟರೆ ಬಾಡಿಗೆದಾರ ಗಟ್ಟಿಯಾಗಿ ಕುಳಿತುಬಿಡುತ್ತಾನೆಂಬ ಭಯ ಅವನಿಗೆ. ವಿದ್ಯುತ್ ಬಿಲ್ಲು ಒಡೆಯನ ಹೆಸರಿನಲ್ಲಿದೆ. ಕೆಲಸ ಮಾಡಿಸಿಕೊಂಡ ಬಿಲ್ಡರುಗಳು ಪಗಾರವನ್ನು ಕೈಗೆ ಕೊಟ್ಟರು, ಚೀಟಿ ಕೊಡಲಿಲ್ಲ. ಪಡಿತರ ಚೀಟಿ, ಮತದಾರರ ಪಟ್ಟಿಯ ಹೆಸರು ಎರಡೂ ಊರಲ್ಲಿಯೇ ಇವೆ, ಏಕೆಂದರೆ ಅಪ್ಪ ಅವ್ವನ ರೇಷನ್ ಅಕ್ಕಿ ಅದೇ ಚೀಟಿಯ ಮೇಲೆ ನಡೆಯುತ್ತದೆ. ಸುಗ್ಗಿಗೆ, ಜಾತ್ರೆಗೆ, ಮಳೆಗಾಲಕ್ಕೆ ಊರಿಗೆ ಬಂದು ಹೋದದ್ದರಿಂದ ಸತತ ವಾಸ ಎಂಬ ಮಾತು ಅಲ್ಲಿಗೇ ಕಡಿಯಿತು. ಹೀಗಾಗಿ ಮನುಷ್ಯ ಇದ್ದ ವರ್ಷಗಳು ಬೇರೆ, ಕಾಗದದಲ್ಲಿ ಇದ್ದ ವರ್ಷಗಳು ಬೇರೆ. ವರ್ಷಗಟ್ಟಲೆ ಒಂದೇ ಊರಿನಲ್ಲಿದ್ದೂ ಪುರಾವೆ ಹುಟ್ಟದಂತೆ ಬದುಕುವುದು ಬಡವನ ವಲಸೆಯ ಗುಣವೇ ಆಗಿದೆ. ಬ್ಯಾಂಕಿನವನೋ ಕಂಪನಿಯವನೋ ವರ್ಗವಾಗಿ ಹೋದರೆ ಮೊದಲ ತಿಂಗಳಿನಿಂದಲೇ ಕಾಗದ ಹುಟ್ಟುತ್ತ ಹೋಗುತ್ತದೆ. 2021ರಲ್ಲಿ ಗೋವಾ ವಿಧಾನಸಭೆ, 30 ವರ್ಷ ನೆಲೆಸಿದವರನ್ನು ಭೂಮಿಪುತ್ರರೆಂದು ಗುರುತಿಸಿ 250 ಚದರ ಮೀಟರಿನವರೆಗಿನ ಮನೆಯ ಜಾಗವನ್ನು ಅವರ ಹೆಸರಿಗೆ ಮಾಡಿಕೊಡುವ ಮಸೂದೆಯನ್ನು ಅಂಗೀಕರಿಸಿತ್ತು. ಹೊರಗಿನವರನ್ನು ಭೂಮಿಪುತ್ರರೆನ್ನುವುದೇ ಎಂದು ದೊಡ್ಡ ಗದ್ದಲವಾಗಿ ಅದು ಕಾಯ್ದೆಯಾಗದೆ ಉಳಿಯಿತು. ಮೂವತ್ತು ವರ್ಷವೂ ಅವರಿಗೆ ಕಡಿಮೆಯೆನಿಸಿತು.

ಗೋವಾದವರನ್ನು ನಾವು ಬೈಯುವುದು ಸುಲಭ. ಆದರೆ ಕರ್ನಾಟಕದ ಮಸೂದೆಯಲ್ಲಿದ್ದ ಅಳತೆಯೂ ಇದೇ 15 ವರ್ಷ, ಮೇಲಿಂದ ಇಲ್ಲಿಯೇ ಹುಟ್ಟಿರಬೇಕೆಂಬ ಷರತ್ತು ಬೇರೆ. ಹುಬ್ಬಳ್ಳಿಯಲ್ಲಿ ನಲವತ್ತು ವರ್ಷ ಕಬ್ಬಿಣ ಕಟ್ಟಿದ ಒಡಿಶಾದವನೂ ಆ ಲೆಕ್ಕದಲ್ಲಿ ಎಂದಿಗೂ ಸ್ಥಳೀಯನಾಗಲಾರ. ಈ 15 ವರ್ಷದ ಅಳತೆ ನಮ್ಮಲ್ಲಿ ಬೇರೂರಿದ್ದರಲ್ಲಿ ನಮ್ಮ ಧಾರವಾಡದವರ ಪಾಲೂ ಇದೆ. ಧಾರವಾಡ ಉತ್ತರ ಕ್ಷೇತ್ರದಿಂದ ಹಲವು ಬಾರಿ ಲೋಕಸಭೆಗೆ ಆರಿಸಿ ಹೋದ ಸರೋಜಿನಿ ಮಹಿಷಿಯವರ ನೇತೃತ್ವದಲ್ಲಿ ರಾಜ್ಯ ಸರ್ಕಾರ 1983ರಲ್ಲಿ ಕನ್ನಡಿಗರಿಗೆ ಉದ್ಯೋಗ ಕೊಡುವ ಕುರಿತು ಸಮಿತಿ ಮಾಡಿತು, 1986ರಲ್ಲಿ ಅದರ ಅಂತಿಮ ವರದಿ 58 ಶಿಫಾರಸುಗಳೊಂದಿಗೆ ಬಂತು. ಮಹಿಷಿಯವರ ವರದಿಯನ್ನು ಹಗುರಾಗಿ ನೋಡುವವನು ನಾನಲ್ಲ. ಕೇಂದ್ರ ಸರ್ಕಾರದ ಕಾರ್ಖಾನೆಗಳು ನಮ್ಮ ನೆಲ, ನೀರು, ವಿದ್ಯುತ್ ಪಡೆದು ನಮ್ಮವರಿಗೆ ಗುಮಾಸ್ತನ ಕೆಲಸವನ್ನೂ ಕೊಡದೆ ಹೋದ ಕಾಲದಲ್ಲಿ ಅದು ಬಂತು, ಆ ಬೇಡಿಕೆ ನ್ಯಾಯವಾದದ್ದೇ. ಹೊಲ ಕಳೆದುಕೊಂಡವನ ಮನೆಗೆ ಕಾರ್ಖಾನೆಯಲ್ಲಿ ಮೊದಲ ಕೆಲಸ ಸಿಗಬೇಕು ಎಂಬುದರಲ್ಲಿ ನನಗೆ ಇಂದಿಗೂ ಎರಡನೆಯ ಮಾತಿಲ್ಲ. ಆದರೆ ಖಾಯಂ ನೌಕರಿ, ಭವಿಷ್ಯನಿಧಿ, ಪಿಂಚಣಿ ಇರುವ ಕಾರ್ಖಾನೆಗೆ ಹೊಂದುವ ಅಳತೆಯನ್ನು ವಾರದ ಬಟವಡೆಯ ಮೇಲೆ ನಡೆಯುವ ಕೆಲಸಕ್ಕೆ ತಂದು ಹೊಂದಿಸಿದರೆ ಅದು ಬೇರೆಯೇ ಫಲ ಕೊಡುತ್ತದೆ. ಕಾನೂನಿನ ಮಟ್ಟದಲ್ಲೂ ಅದು ನಿಲ್ಲುವುದು ಕಷ್ಟ. ಸಂವಿಧಾನದ 19ನೆಯ ವಿಧಿ ದೇಶದ ಯಾವ ಭಾಗಕ್ಕಾದರೂ ಹೋಗುವ, ಅಲ್ಲಿ ನೆಲೆಸುವ ಸ್ವಾತಂತ್ರ್ಯವನ್ನು ಕೊಟ್ಟಿದೆ. ತಿಂಗಳಿಗೆ 30,000 ರೂಪಾಯಿಯೊಳಗಿನ ಖಾಸಗಿ ನೌಕರಿಗಳಲ್ಲಿ ಶೇಕಡಾ 75ರಷ್ಟನ್ನು ಸ್ಥಳೀಯರಿಗೆ ಮೀಸಲಿಟ್ಟ ಹರಿಯಾಣದ ಕಾಯ್ದೆಯನ್ನು ಅಲ್ಲಿಯ ಹೈಕೋರ್ಟು 2023ರ ನವೆಂಬರಿನಲ್ಲಿ ರದ್ದು ಮಾಡಿತು.

ನಮ್ಮ ಊರುಗಳೇನು ಹೊರಗಿನವರಿಲ್ಲದೆ ಬೆಳೆದವೆಂದೇನೂ ಅಲ್ಲ. 1880ರ ದಶಕದಲ್ಲಿ ರೈಲ್ವೆ ಕಾರ್ಖಾನೆ ಬಂದ ಮೇಲೆ ತಮಿಳರು, ತೆಲುಗರು ಬಂದು ನೆಲೆಸಿದ ಊರು ಹುಬ್ಬಳ್ಳಿ. ಧಾರವಾಡದ ಹೆಸರಿನಲ್ಲಿ ಊರೂರಿಗೆ ಹೋಗುವ ಪೇಡೆಯನ್ನು ಮಾಡಲು ತೊಡಗಿದ್ದು ಉತ್ತರ ಪ್ರದೇಶದ ಉನ್ನಾವ ಕಡೆಯಿಂದ ಬಂದ ಮನೆತನ. ಗದಗ ಬೆಟಗೇರಿಯಲ್ಲೂ ಹುಬ್ಬಳ್ಳಿಯಲ್ಲೂ ಬಾಯಿ ಚಪ್ಪರಿಸಿಕೊಂಡು ಉಣ್ಣುವ ಸಾವಜಿ ಊಟದ ಜನರ ಮನೆಮಾತು ಕನ್ನಡವಲ್ಲ. ಇವರಲ್ಲಿ ಯಾರಿಗೂ ಬಂದ ವರ್ಷದಲ್ಲಿ 15 ವರ್ಷದ ಪ್ರಮಾಣಪತ್ರವನ್ನು ಕೇಳಿರಲಿಲ್ಲ, ಅದು ಬೇರೆ ಮಾತು.

ವರ್ಷಗಳನ್ನು ಎಣಿಸುವ ಪದ್ಧತಿ ಎಲ್ಲಿಯವರೆಗೆ ಹೋಗಬಹುದೆಂಬುದನ್ನು ನೋಡಬೇಕೆಂದರೆ ಹುಬ್ಬಳ್ಳಿಯಿಂದ ತಾಸು ಒಂದೂವರೆ ತಾಸಿನ ದಾರಿಯ ಮುಂಡಗೋಡಕ್ಕೆ ಹೋಗಿ ಬರಬೇಕು. 1966ರಲ್ಲಿ ನೆಲೆಯಾದ ಅಲ್ಲಿಯ ಟಿಬೆಟನ್ ಕಾಲೊನಿಯಲ್ಲಿ ಈಗ ಮೂರನೆಯ ತಲೆಮಾರು ನಡೆಯುತ್ತಿದೆ. ಚಳಿಗಾಲದಲ್ಲಿ ಸ್ವೆಟರು ಮಾರುವ ಟಿಬೆಟನ್ ಹೆಂಗಸರ ಜೊತೆ ಚೌಕಾಸಿ ಮಾಡದ ಮನೆ ನಮ್ಮ ಕಡೆಯ ಪೇಟೆಗಳಲ್ಲಿ ಕಡಿಮೆ. ಅವರು ನಮ್ಮದೇ ಧಾಟಿಯಲ್ಲಿ “ಇಷ್ಟಕ್ಕ ಬರೂದಿಲ್ರೀ ಅಕ್ಕಾರ” ಎನ್ನುತ್ತಾರೆ. ಭಾರತ 1951ರ ನಿರಾಶ್ರಿತರ ಒಪ್ಪಂದಕ್ಕೆ ಸಹಿ ಮಾಡಿಲ್ಲ, ನಿರಾಶ್ರಿತರಿಗಾಗಿ ಬೇರೆ ಕಾಯ್ದೆಯನ್ನೂ ಮಾಡಿಲ್ಲ. ಹಾಗಾಗಿ ಕಾನೂನಿನ ಕಣ್ಣಿನಲ್ಲಿ ಅವರು ನೋಂದಣಿ ಪತ್ರವನ್ನು ಕಾಲಕಾಲಕ್ಕೆ ನವೀಕರಿಸಿಕೊಳ್ಳಬೇಕಾದ ವಿದೇಶಿಯರು. ಮೊದಲು 1946ರ ವಿದೇಶಿಯರ ಕಾಯ್ದೆ ಇತ್ತು, 2025ರ ಸೆಪ್ಟೆಂಬರಿನಿಂದ ಹಳೆಯ ನಾಲ್ಕು ಕಾಯ್ದೆಗಳ ಜಾಗದಲ್ಲಿ ವಲಸೆ ಮತ್ತು ವಿದೇಶಿಯರ ಹೊಸ ಕಾಯ್ದೆ ಬಂದಿದೆ. ನಿರಾಶ್ರಿತ ಎಂಬ ವರ್ಗ ಹೊಸದರಲ್ಲೂ ಇಲ್ಲ. 1950ರ ಜನವರಿ 26ರಿಂದ 1987ರ ಜುಲೈ 1ರ ಒಳಗೆ ಭಾರತದಲ್ಲಿ ಹುಟ್ಟಿದವರು ಹುಟ್ಟಿನಿಂದಲೇ ಪೌರರು ಎಂದು 1955ರ ಪೌರತ್ವ ಕಾಯ್ದೆ ಹೇಳಿದ್ದರೂ, ಅದು ಟಿಬೆಟನ್ನರಿಗೂ ಸಲ್ಲುತ್ತದೆ ಎಂದು ಹೇಳಲು 2010ರಲ್ಲಿ ದೆಹಲಿ ಹೈಕೋರ್ಟು, 2013ರಲ್ಲಿ ನಮ್ಮ ಹೈಕೋರ್ಟು ಬೇಕಾಯಿತು. ಆ ದಿನಾಂಕದ ಆಚೆ ಹುಟ್ಟಿದವರಿಗೆ ಹುಟ್ಟೊಂದೇ ಸಾಲದು. ಒಂದೇ ಮನೆಯಲ್ಲಿ ಅಕ್ಕ ಮತ ಹಾಕುತ್ತಾಳೆ, ತಮ್ಮ ವಿದೇಶಿಯನಾಗಿ ನೋಂದಣಿ ಪತ್ರ ಹಿಡಿದು ಕಚೇರಿಗೆ ಹೋಗುತ್ತಾನೆ. ಇತ್ತ ನಮ್ಮ ಓಣಿಯಲ್ಲಿ ರಾತ್ರಿ ಸೀಟಿ ಊದುವ ನೇಪಾಳದವನಿಗೆ 1950ರ ಒಪ್ಪಂದದಿಂದಾಗಿ ವೀಸಾ ಬೇಡ, ಪರವಾನಗಿ ಬೇಡ, ಬಂದ ದಿನವೇ ಕೆಲಸಕ್ಕೆ ನಿಲ್ಲಬಹುದು. ಇದರಲ್ಲಿ ಯಾರು ಎಷ್ಟು ವರ್ಷದಿಂದ ಇಲ್ಲಿದ್ದಾರೆ, ಯಾರಿಗೆ ಕನ್ನಡ ಬರುತ್ತದೆ ಎಂಬ ಲೆಕ್ಕವೇ ಇಲ್ಲ.

ಇನ್ನು ವಲಸೆ ಕಾರ್ಮಿಕರ ಕಾನೂನಿನ ಮಾತು. ಕಾಗದ ತುಂಬುವವನು ನಾನೇ ಆದ್ದರಿಂದ ಇದನ್ನು ಸ್ವಲ್ಪ ವಿವರವಾಗಿ ಹೇಳಬಲ್ಲೆ. 1979ರ ಅಂತರರಾಜ್ಯ ವಲಸೆ ಕಾರ್ಮಿಕರ ಕಾಯ್ದೆಯಲ್ಲಿ ಕೂಲಿಕಾರನಿಗೆ ಪಾಸ್‌ಬುಕ್ಕು ಕೊಡಬೇಕು, ಊರು ಬಿಟ್ಟು ಬಂದದ್ದಕ್ಕೆ ತಿಂಗಳ ಪಗಾರದ ಅರ್ಧದಷ್ಟು ಭತ್ಯೆ ಕೊಡಬೇಕು, ಹೋಗಿ ಬರುವ ಖರ್ಚು ಕೊಡಬೇಕು ಎಂದೆಲ್ಲ ಇತ್ತು. ಆದರೆ ಅದು ಗುತ್ತಿಗೆದಾರನ ಮೂಲಕ ಬಂದವರಿಗೆ ಮಾತ್ರ. ನಮ್ಮ ಸೈಟಿಗೆ ಬರುವವರೆಲ್ಲ ಮೇಸ್ತ್ರಿಯ ಫೋನಿನ ಮೇಲೆ ತಾವಾಗಿಯೇ ಬಂದವರು, ಅಥವಾ ಹಾಗೆಂದು ಬರೆದುಕೊಳ್ಳುವುದು ಎಲ್ಲರ ರೂಢಿ. ಭತ್ಯೆ ಪಡೆದ ಒಬ್ಬನನ್ನೂ ನಾನು ಕಂಡಿಲ್ಲ. ಆ ಕಾಯ್ದೆಯನ್ನು ಒಳಗೆ ಸೇರಿಸಿಕೊಂಡ ಹೊಸ ಕಾರ್ಮಿಕ ಸಂಹಿತೆ 2025ರ ನವೆಂಬರ್ 21ರಿಂದ ಜಾರಿಗೆ ಬಂದಿದೆ. ತಾನಾಗಿಯೇ ಬಂದು ಕೆಲಸ ಹುಡುಕಿಕೊಂಡವನನ್ನೂ ಇದು ವಲಸೆ ಕಾರ್ಮಿಕನೆಂದು ಒಪ್ಪಿದೆ, ಅವನು ದುಡಿಯುವ ರಾಜ್ಯದಲ್ಲಿ ಪಡಿತರ ಮತ್ತು ಕಟ್ಟಡ ಕಾರ್ಮಿಕರ ನಿಧಿಯ ಸೌಲಭ್ಯ ಸಿಗಬೇಕೆಂದೂ ಹೇಳಿದೆ. ಇದು ನಿಜವಾಗಿಯೂ ಒಳ್ಳೆಯ ಮಾತು. ಹಿಂದೆ ಅಂತಹ ಐವರಿದ್ದರೆ ಅನ್ವಯವಾಗುತ್ತಿದ್ದ ನಿಯಮಕ್ಕೆ ಈಗ ಹತ್ತು ಮಂದಿ ಬೇಕು ಎಂಬುದು ಅಷ್ಟು ಒಳ್ಳೆಯದಲ್ಲ, ಏಕೆಂದರೆ ಗುಂಪನ್ನು ಎಂಟೆಂಟು ಜನರಾಗಿ ಎರಡು ಹೆಸರಿನಲ್ಲಿ ಬರೆಯುವುದು ನಮ್ಮಂಥ ಲೆಕ್ಕದವರಿಗೆ ಯಾರೂ ಕಲಿಸಬೇಕಾದ ವಿದ್ಯೆಯಲ್ಲ.

ಅದಕ್ಕಿಂತ ದೊಡ್ಡ ಕೊರತೆ ಇನ್ನೊಂದಿದೆ. ಹಳೆಯದರಲ್ಲೂ ಹೊಸದರಲ್ಲೂ ರಾಜ್ಯದ ಗಡಿ ದಾಟಿದವನು ಮಾತ್ರ ವಲಸೆಗಾರ. ಮುಂಡರಗಿಯಿಂದ ವಾಸ್ಕೋಕ್ಕೆ ಹೋದವನು ವಲಸೆಗಾರ; ಅದೇ ತಾಂಡಾದಿಂದ ಅದಕ್ಕಿಂತ ದೂರದ ಮಂಗಳೂರಿಗೆ ಹೋದವನು ಕಾನೂನಿನ ಪ್ರಕಾರ ಎಲ್ಲಿಗೂ ಹೋಗಿಯೇ ಇಲ್ಲ. ಮಂಗಳೂರಿನಲ್ಲಿ ಬೆಳಗಾಗುವ ಮೊದಲೇ ಬುಟ್ಟಿ, ಸಲಿಕೆ ಹಿಡಿದು ಸರ್ಕಲ್ಲಿನಲ್ಲಿ ನಿಲ್ಲುವ ನಮ್ಮವರಿಗೆ ಅಲ್ಲಿಯ ಭಾಷೆಯೂ ಬೇರೆ, ಊಟವೂ ಬೇರೆ, ಅವರನ್ನು ಕರೆಯುವುದು ಘಟ್ಟದವರೆಂದು. ಅವರ ಮಕ್ಕಳ ಶಾಲೆ ದೀಪಾವಳಿಯ ಮುಂದೆ ನಿಂತು ಯುಗಾದಿಗೆ ಮತ್ತೆ ತೊಡಗಬೇಕಾಗುತ್ತದೆ, ಅಷ್ಟರಲ್ಲಿ ಪರೀಕ್ಷೆಯೇ ಮುಗಿದಿರುತ್ತದೆ. ಬಾಣಂತಿಗೆ ಸಿಗಬೇಕಾದ ಊಟ ಅಂಗನವಾಡಿಯ ಪುಸ್ತಕದಲ್ಲಿ ಊರಿನಲ್ಲಿಯೇ ಉಳಿಯುತ್ತದೆ.

ಕಟ್ಟಡ ಕಾರ್ಮಿಕರ ಮಂಡಳಿಯ ಕಾರ್ಡು ಇದಕ್ಕೆ ಪರಿಹಾರವಾಗಬೇಕಿತ್ತು. ಕಟ್ಟಡದ ವೆಚ್ಚದ ಶೇಕಡಾ 1ರಷ್ಟನ್ನು ಸೆಸ್ ಎಂದು ಕಟ್ಟಿಸಿಕೊಂಡು, ಅದರಿಂದ ಕಾರ್ಮಿಕರ ಮಕ್ಕಳ ಓದು, ಆಸ್ಪತ್ರೆ, ಮದುವೆ, ಪಿಂಚಣಿಗೆ ನೆರವು ಕೊಡುವ ಏರ್ಪಾಡು 1996ರ ಕಾಯ್ದೆಯಿಂದ ಬಂದದ್ದು. ಕಾರ್ಡು ಬೇಕಾದರೆ ಹಿಂದಿನ 12 ತಿಂಗಳಲ್ಲಿ 90 ದಿನ ಕಟ್ಟಡದಲ್ಲಿ ದುಡಿದದ್ದಕ್ಕೆ ಪತ್ರ ಬೇಕು. ಆ ಪತ್ರಕ್ಕೆ ಸಹಿ ಹಾಕುವುದೆಂದರೆ ಈ ಮನುಷ್ಯ ನನ್ನ ಕೆಲಸಗಾರ ಎಂದು ಒಪ್ಪಿಕೊಂಡಂತೆ, ನಾಳೆ ಅವನು ಮೇಲಿಂದ ಬಿದ್ದರೆ ಪರಿಹಾರದ ಹೊಣೆ ತಲೆಗೆ ಬರುತ್ತದೆ ಎಂದು ಗುತ್ತಿಗೆದಾರರು ಹಿಂಜರಿಯುತ್ತಾರೆ. ನಿಜವಾಗಿ ಕಬ್ಬಿಣ ಕಟ್ಟುವವನ ಕಿಸೆಯಲ್ಲಿ ಕಾರ್ಡಿಲ್ಲ. ಕರಣೆಯನ್ನು ಎಂದೂ ಹಿಡಿಯದವರ ಕೈಯಲ್ಲಿ ಕಾರ್ಡಿದೆ. ಇದು ಹುಬ್ಬಳ್ಳಿಯ ಯಾವ ಸೈಟಿನಲ್ಲಿ ಕೇಳಿದರೂ ಸಿಗುವ ಮಾತು.

2020ರ ಮೇ ತಿಂಗಳನ್ನು ನೆನೆಯದೆ ಈ ವಿಷಯ ಮುಗಿಯದು. ಲಾಕ್‌ಡೌನಿನಲ್ಲಿ ಸಿಕ್ಕಿಬಿದ್ದ ಕೂಲಿಕಾರರನ್ನು ಊರಿಗೆ ಮುಟ್ಟಿಸುವ ಶ್ರಮಿಕ ರೈಲುಗಳು ಶುರುವಾದ ಕೆಲವೇ ದಿನಗಳಲ್ಲಿ, ಮೇ 5ರಂದು, ಬಿಲ್ಡರುಗಳ ಜೊತೆ ಮುಖ್ಯಮಂತ್ರಿಗಳ ಸಭೆ ನಡೆದ ಬೆನ್ನಿಗೇ ಕರ್ನಾಟಕ ಸರ್ಕಾರ ಆ ರೈಲುಗಳು ಬೇಡವೆಂದು ರೈಲ್ವೆಗೆ ಬರೆಯಿತು; ದೇಶದೆಲ್ಲೆಡೆ ಟೀಕೆ ಬಂದ ಮೇಲೆ ಎರಡು ದಿನಕ್ಕೆ ತೀರ್ಮಾನವನ್ನು ಹಿಂದಕ್ಕೆ ಪಡೆಯಿತು. ಹೊರಗಿನವರು ನಮ್ಮ ಕೆಲಸ ಕಸಿದರು ಎಂಬ ಕೂಗಿಗೆ ತಲೆದೂಗುತ್ತ ಬಂದ ಸರ್ಕಾರಗಳು, ಆ ಹೊರಗಿನವರು ತಾವಾಗಿಯೇ ಹೊರಟು ನಿಂತಾಗ ಏಕೆ ತಡೆದವು? ಕೆಲಸಕ್ಕೆ ಬೇಕು, ಊರಿಗೆ ಬೇಡ ಎಂಬುದು ಅಷ್ಟು ಬಿಚ್ಚಿಟ್ಟು ಕಂಡ ದಿನ ಇನ್ನೊಂದಿಲ್ಲ.

ಮತದ ವಿಷಯದಲ್ಲೂ ಹೀಗೆಯೇ. ನಮ್ಮ ಕಡೆ ಗ್ರಾಮ ಪಂಚಾಯಿತಿಯ ಚುನಾವಣೆ ಬಂದರೆ ಉಮೇದುವಾರರೇ ಬಸ್ಸು, ಕ್ರೂಸರ್ ಮಾಡಿ ಗೋವಾದಿಂದ ಮತದಾರರನ್ನು ಕರೆಸುತ್ತಾರೆ. 2023ರ ಮೇ 10ರಂದು ಕರ್ನಾಟಕದ ವಿಧಾನಸಭೆಗೆ ಮತದಾನವಿದ್ದಾಗ ಗೋವಾ ಸರ್ಕಾರ ಪಗಾರಸಹಿತ ರಜೆ ಕೊಟ್ಟು, ಅಲ್ಲಿಯ ಉದ್ಯಮಿಗಳಿಂದ ಬೈಸಿಕೊಂಡಿತು. ಊರಿನಲ್ಲಿ ಅವರ ಮತಕ್ಕೆ ಅಷ್ಟೊಂದು ಬೆಲೆಯಿದೆ, ಆದರೆ ಅವರು ವರ್ಷದ ಎಂಟು ತಿಂಗಳು ಬದುಕುವ ವಾರ್ಡಿನ ಚರಂಡಿ, ನೀರು, ಶೌಚಾಲಯದ ಮೇಲೆ ಮಾತಾಡುವ ಅಧಿಕಾರ ಅವರಿಗಿಲ್ಲ. ದೂರದ ಊರಿನಿಂದಲೇ ಮತ ಹಾಕುವ ಯಂತ್ರವನ್ನು ಚುನಾವಣಾ ಆಯೋಗ 2023ರ ಜನವರಿಯಲ್ಲಿ ಪಕ್ಷಗಳ ಮುಂದಿಟ್ಟಿತ್ತು, ವಿರೋಧ ಪಕ್ಷಗಳು ಒಪ್ಪಲಿಲ್ಲ.

ಕನ್ನಡ ಕಲಿಯಬೇಕೆಂಬ ಬೇಡಿಕೆಯನ್ನು ಇದರ ಜೊತೆ ಸೇರಿಸಿ ಗೊಂದಲ ಮಾಡಬಾರದು. ಗಿಲಾವು ಮಾಡುವ ಬಿಹಾರದ ಹುಡುಗನೊಬ್ಬ ನಮ್ಮ ಸೈಟಿನಲ್ಲಿ ಎರಡು ಮಳೆಗಾಲ ಕಳೆಯುವಷ್ಟರಲ್ಲಿ “ಉಸುಕು ಕಡಿಮಿ ಐತ್ರೀ ಮಾಲಕರ” ಎನ್ನುವಷ್ಟು ಕಲಿತಿದ್ದಾನೆ, ಬರೆಯಲು ಬರುವುದಿಲ್ಲ. ಅವನಿಗೆ ತನ್ನ ಭಾಷೆಯನ್ನೂ ಬರೆಯಲು ಬರುವುದಿಲ್ಲ. ಗೋವಾ ಸರ್ಕಾರ ನಮ್ಮವರ ಮಕ್ಕಳಿಗೆಂದು ಕನ್ನಡ ಮಾಧ್ಯಮದ ಪ್ರಾಥಮಿಕ ಶಾಲೆಗಳನ್ನು ನಡೆಸಿಕೊಂಡು ಬಂದಿದೆ, ಬೈಗುಳದ ನಡುವೆಯೂ ಇದನ್ನು ಒಪ್ಪಿಕೊಳ್ಳಬೇಕು. ನಮ್ಮ ಸೈಟಿನ ಶೆಡ್ಡುಗಳಲ್ಲಿ ಆಡುವ ಮಕ್ಕಳನ್ನು ಹತ್ತಿರದ ಕನ್ನಡ ಶಾಲೆಗೆ ಸೇರಿಸಿಕೊಳ್ಳಲು ಹಿಂದಿನ ಶಾಲೆಯ ವರ್ಗಾವಣೆ ಪತ್ರವನ್ನು ಕೇಳದಿದ್ದರೆ ಸಾಕು, ಮುಂದಿನ ಹತ್ತು ವರ್ಷದಲ್ಲಿ ಅವರ ಕನ್ನಡ ನಮ್ಮದಕ್ಕಿಂತ ಚೆನ್ನಾಗಿರುತ್ತದೆ.

ಪಡಿತರ ಎಲ್ಲಿ ಬೇಕಾದರೂ ಸಿಗುವ ವ್ಯವಸ್ಥೆಗೆ ದೆಹಲಿ ಬೇಕಾಯಿತು, ಸುಪ್ರೀಂ ಕೋರ್ಟು 2021ರಲ್ಲಿ ಗಡುವು ಹಾಕಿ ಎಚ್ಚರಿಸಬೇಕಾಯಿತು. ಆದರೆ ಜಿಲ್ಲೆಯಿಂದ ಜಿಲ್ಲೆಗೆ ಹೋದವರನ್ನು ವಲಸೆ ಕಾರ್ಮಿಕರೆಂದು ಗುರುತಿಸಲು, ಮಂಡಳಿಯ ಕಾರ್ಡಿಗೆ ಗುತ್ತಿಗೆದಾರನ ಸಹಿಯ ಬದಲು ಸೆಸ್ ಕಟ್ಟಿದ ಕಟ್ಟಡದ ಹಾಜರಿಯನ್ನೇ ಪುರಾವೆಯಾಗಿ ಒಪ್ಪಲು, ಮುಂಡರಗಿಯ ಅಂಗನವಾಡಿಯ ಹೆಸರನ್ನು ಮಂಗಳೂರಿನ ಅಂಗನವಾಡಿಗೆ ದಾಟಿಸಲು ಯಾರ ಅಪ್ಪಣೆಯೂ ಬೇಡ. ಕಾರ್ಮಿಕ ಇಲಾಖೆ, ಮಹಿಳಾ ಮತ್ತು ಮಕ್ಕಳ ಇಲಾಖೆ, ಶಿಕ್ಷಣ ಇಲಾಖೆ ಮೂರೂ ಬೆಂಗಳೂರಿನಲ್ಲಿಯೇ ಇವೆ. ಸ್ಥಳೀಯರಿಗೆ ಕೆಲಸ ಕೊಡುವ ಮಸೂದೆಯನ್ನು ಸರ್ಕಾರ ಮತ್ತೆ ತರುವುದಾದರೆ ಅದರ ಮೊದಲ ಪುಟದಲ್ಲಿ ಇವನ್ನು ಬರೆಯಲಿ. ಸ್ಥಳೀಯ ಕೆಲಸಗಾರನಿಗೂ ಹೊರಗಿನವನಿಗೂ ಮಾಲಕನಿಗೆ ತಗಲುವ ಖರ್ಚು ಒಂದೇ ಆದ ಮೇಲೆ ಶೇಕಡಾ 70ರ ಲೆಕ್ಕವನ್ನು ಕೂತು ಮಾತಾಡಬಹುದು.